ಬಾಡಿಗೆ ಮೈದಾನ, ಸ್ವಂತ ಅಭಿಮಾನ

ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ಕಾರ್ನರ್ ಕಿಕ್ ಒದೆಯುವ ಆಟಗಾರನಿಗೆ ಓಡಿ ಬರಲು ಹುಲ್ಲಿನ ಮೇಲೆ ಜಾಗ ಸಾಲುವುದಿಲ್ಲ. ಮೂಲೆಯ ಬಾವುಟದ ಬೆನ್ನಿಗೇ ಅಥ್ಲೆಟಿಕ್ಸ್ ಟ್ರ್ಯಾಕು ಇದೆ. 400 ಮೀಟರಿನ ಮಾನಕ ಟ್ರ್ಯಾಕಿನಲ್ಲಿ ನೇರ ಭಾಗ 84.39 ಮೀಟರ್, ತಿರುವಿನ ತ್ರಿಜ್ಯ 36.5 ಮೀಟರ್. ಅದರೊಳಗೆ 105 ಮೀಟರ್ ಉದ್ದ, 68 ಮೀಟರ್ ಅಗಲದ ಫುಟ್‌ಬಾಲ್ ಅಂಗಳವನ್ನು ಕೂರಿಸಿದರೆ ನಾಲ್ಕು ಮೂಲೆಗಳೂ ಟ್ರ್ಯಾಕಿನಿಂದ ಬರೀ ಒಂದು ಮೀಟರ್ ದೂರದಲ್ಲಿ ಬಂದು ನಿಲ್ಲುತ್ತವೆ. ಗೋಲಿನ ಹಿಂದೆ ಕೂತವನ ಪಾಡು ಇದಕ್ಕೆ ತದ್ವಿರುದ್ಧ. ಗೋಲುಗೆರೆಯಿಂದ ಟ್ರ್ಯಾಕಿನ ಒಳ ಅಂಚಿಗೆ 26 ಮೀಟರ್, ಎಂಟು ಲೇನುಗಳಿಗೆ ಇನ್ನೊಂದು ಹತ್ತು ಮೀಟರ್. ಎಂದರೆ ಮೊದಲ ಸಾಲಿನ ಕುರ್ಚಿಗೂ ಗೋಲಿಗೂ ನಡುವೆ ಕಡಿಮೆಯೆಂದರೂ 36 ಮೀಟರ್; ಎರಡು ವಾಲಿಬಾಲ್ ಕೋರ್ಟುಗಳನ್ನು ಉದ್ದುದ್ದಕ್ಕೆ ಜೋಡಿಸಿದಷ್ಟು. ಗೊಳಸಂಗಿ, ನಿಡಗುಂದಿ, ಬಾಗೇವಾಡಿ ಕಡೆಯ ಓದುಗರಿಗೆ ಈ ಅಳತೆ ಬಿಡಿಸಿ ಹೇಳಬೇಕಿಲ್ಲ. ಸಂಜೆಯಾದರೆ ವಾಲಿಬಾಲ್ ನೆಟ್ ಕಟ್ಟುವ ಊರುಗಳು ಅವು.

ಬೆಂಗಳೂರು ಎಫ್‌ಸಿ ಅಭಿಮಾನಿಗಳ ನಡುವೆ ಪ್ರತಿ ಸೀಸನ್ನಿನ ಹೊಸ್ತಿಲಲ್ಲಿ ಏಳುವ ಜಗಳ ಮೂರು. ಮೈದಾನ ಯಾವಾಗ ಸುಧಾರಿಸುತ್ತದೆ? ಮಾಲೀಕರು ದುಡ್ಡು ಬಿಚ್ಚುತ್ತಾರೋ ಇಲ್ಲವೋ? ಈ ಸಲ ನಾವು ಎಷ್ಟನೇ ಸ್ಥಾನ? ಮೂರನ್ನೂ ಬೇರೆ ಬೇರೆ ಎಂಬಂತೆ ವಾದಿಸುತ್ತಾರೆ. ಹನ್ನೆರಡು ವರ್ಷಗಳ ಇತಿಹಾಸ ತಿರುವಿದರೆ ಮೂರರ ಬೇರೂ ಒಂದೇ ಕಡೆ ಇರುವುದು ಕಾಣುತ್ತದೆ. ದೇಶದ ಬಹುತೇಕ ಕ್ಲಬ್‌ಗಳಂತೆ ಈ ಕ್ಲಬ್ಬಿಗೂ ಸ್ವಂತ ಮೈದಾನವಿಲ್ಲ.

ಕಥೆ ಶುರುವಾಗುವುದು ಅಶೋಕನಗರದ ಬೆಂಗಳೂರು ಫುಟ್‌ಬಾಲ್ ಕ್ರೀಡಾಂಗಣದಲ್ಲಿ. ಜೆಎಸ್‌ಡಬ್ಲ್ಯು ಸಮೂಹ 2013ರ ಜುಲೈನಲ್ಲಿ ಕ್ಲಬ್ಬನ್ನು ಹುಟ್ಟುಹಾಕಿ ನೇರವಾಗಿ ಐ-ಲೀಗ್‌ಗೆ ಇಳಿಸಿತು. ಅದೇ ಸೆಪ್ಟೆಂಬರ್ 22ರಂದು ಮೋಹನ್ ಬಾಗಾನ್ ವಿರುದ್ಧ ಮೊದಲ ಪಂದ್ಯ, 1-1 ಸಮ. ಎಂಟು ಸಾವಿರ ಚಿಲ್ಲರೆ ಜನ ಹಿಡಿಯುವ, ಕೃತಕ ಹುಲ್ಲು ಹಾಸಿದ, ಸುತ್ತ ಹಳೆಯ ಕಟ್ಟಡಗಳು ಇಣುಕುವ ಆ ಮೈದಾನದ ಪಶ್ಚಿಮ ಗ್ಯಾಲರಿಯಲ್ಲಿ ಒಂದಷ್ಟು ಹುಡುಗರು ಡ್ರಮ್ಮು ಹಿಡಿದು ತೊಂಬತ್ತು ನಿಮಿಷವೂ ನಿಂತೇ ಕೂಗತೊಡಗಿದರು. ಇಂದು ದೇಶದ ಹೆಸರುವಾಸಿ ಅಭಿಮಾನಿ ಬಳಗಗಳಲ್ಲಿ ಒಂದಾದ ವೆಸ್ಟ್ ಬ್ಲಾಕ್ ಬ್ಲೂಸ್‌ಗೆ ಆ ಹೆಸರು ಬಂದದ್ದು ಆ ಗ್ಯಾಲರಿಯಿಂದ. ಗೆರೆಯ ಪಕ್ಕವೇ ಗ್ಯಾಲರಿ, ಆಟಗಾರರ ಕಿವಿಗೆ ಬೈಗುಳವೂ ಬೀಳುವಷ್ಟು ಹತ್ತಿರ. ಆಶ್ಲೆ ವೆಸ್ಟ್‌ವುಡ್ ತರಬೇತಿಯ ತಂಡ ಹುಟ್ಟಿದ ಮೊದಲ ಸೀಸನ್ನಿನಲ್ಲೇ ಚಾಂಪಿಯನ್ ಆಯಿತು. ಆಗ ಆಟ ನೋಡಿದವರು ಇಂದಿಗೂ ಅಶೋಕನಗರದ ಹೆಸರು ಬಂದರೆ ಮೆತ್ತಗಾಗುತ್ತಾರೆ.

ಮರುವರ್ಷ ಕ್ಲಬ್ಬು ಕಂಠೀರವಕ್ಕೆ ಬಂತು. ಅದಕ್ಕೆ ಕಾರಣವಿತ್ತು. ಹೆಚ್ಚು ಜನ, ಒಳ್ಳೆಯ ಫ್ಲಡ್‌ಲೈಟ್, ನಿಜವಾದ ಹುಲ್ಲು, ಏಷ್ಯಾ ಮಟ್ಟದ ಟೂರ್ನಿಗೆ ಬೇಕಾದ ಸೌಲಭ್ಯ. ಸಂಪಂಗಿ ಕೆರೆಯ ಅಂಗಳದಲ್ಲಿ ಎದ್ದ ಈ ಕ್ರೀಡಾಂಗಣ 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕೆ ಸಜ್ಜಾದದ್ದು. ಹಳೆಯ ಕೆರೆಯ ತುಣುಕೊಂದು ಇಂದಿಗೂ ಪಕ್ಕದಲ್ಲಿ ಉಳಿದಿದೆ, ಕರಗದ ವಿಧಿಗಳಿಗೆ ಒದಗುತ್ತದೆ. ಆದರೆ ಇದು ಅಥ್ಲೀಟ್‌ಗಳಿಗಾಗಿ ಕಟ್ಟಿದ ಮನೆ. ಫುಟ್‌ಬಾಲ್ ಇಲ್ಲಿ ಬಾಡಿಗೆಗೆ ಬಂದದ್ದು.

ಬಾಡಿಗೆಗೆ ಬಂದವರು ಮನೆಯನ್ನು ತುಂಬಿಸಿದರು ಎಂಬುದನ್ನೂ ಹೇಳಬೇಕು. 2015ರ ಜೂನ್‌ನಲ್ಲಿ ಒಮಾನ್ ವಿರುದ್ಧ ವಿಶ್ವಕಪ್ ಅರ್ಹತಾ ಪಂದ್ಯ ಇಲ್ಲೇ ನಡೆಯಿತು. ಭಾರತ 1-2ರಿಂದ ಸೋತರೂ ರಾಷ್ಟ್ರೀಯ ತಂಡಕ್ಕೆ ಬೆಂಗಳೂರು ಒಂದು ನೆಲೆಯಾಯಿತು. ಕಿರ್ಗಿಸ್ತಾನ, ಮಕಾವ್ ವಿರುದ್ಧ 2017ರಲ್ಲಿ ಇಲ್ಲಿ ಬಂದ ಗೆಲುವುಗಳು 2019ರ ಏಷ್ಯಾ ಕಪ್‌ಗೆ ದಾರಿಮಾಡಿದವು. 2023ರ ಸ್ಯಾಫ್ ಚಾಂಪಿಯನ್‌ಷಿಪ್ ಪೂರ್ತಿ ಇಲ್ಲೇ ನಡೆಯಿತು. ಪಾಕಿಸ್ತಾನದ ವಿರುದ್ಧ ಸುರಿವ ಮಳೆಯಲ್ಲಿ ಸುನಿಲ್ ಚೆಟ್ರಿ ಹ್ಯಾಟ್ರಿಕ್ ಹೊಡೆದರು, ಫೈನಲಿನಲ್ಲಿ ಕುವೈತನ್ನು ಭಾರತ ಪೆನಾಲ್ಟಿಯಲ್ಲಿ ಮಣಿಸಿತು. ಕ್ಲಬ್ಬಿನ ಮಟ್ಟಿಗೆ ಹೇಳುವುದಾದರೆ 2016ರ ಅಕ್ಟೋಬರ್ 19ನ್ನು ಮೀರಿದ ರಾತ್ರಿ ಇಲ್ಲ. ಎಎಫ್‌ಸಿ ಕಪ್ ಸೆಮಿಫೈನಲಿನ ಎರಡನೇ ಪಂದ್ಯ, ಎದುರಿಗೆ ಹಾಲಿ ಚಾಂಪಿಯನ್ ಆಗಿದ್ದ ಮಲೇಷ್ಯಾದ ಜೊಹೊರ್. ಮೊದಲ ಗೋಲು ಅವರದೇ. ಆಮೇಲೆ ಚೆಟ್ರಿ ಎರಡು, ಹುವಾನನ್ ಒಂದು, 3-1. ಆ ಟೂರ್ನಿಯ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಬೆಂಗಳೂರಿನದು. ದೋಹಾದಲ್ಲಿ ಇರಾಕಿನ ಏರ್‌ಫೋರ್ಸ್ ಕ್ಲಬ್ ಎದುರು ಒಂದೇ ಗೋಲಿನಿಂದ ಸೋತಿತು.

ಇಷ್ಟೆಲ್ಲ ಆದರೂ ಒಡೆತನದ ಪ್ರಶ್ನೆ ಹಾಗೆಯೇ ಉಳಿಯಿತು. ಅಥ್ಲೆಟಿಕ್ಸ್ ತರಬೇತುದಾರರು, ಹಿರಿಯ ಕ್ರೀಡಾಪಟುಗಳು ದನಿ ಎತ್ತಿದರು. 2019ರ ಹೊತ್ತಿಗೆ ವಿಷಯ ಹೈಕೋರ್ಟಿನ ಮೆಟ್ಟಿಲನ್ನೂ ಏರಿತು. ಫುಟ್‌ಬಾಲ್ ಅಭಿಮಾನಿಗಳಿಗೆ ಅದು ಕಿರಿಕಿರಿ ಅನ್ನಿಸಿತು. ಆದರೆ ಅಥ್ಲೀಟ್‌ಗಳ ದೂರು ತಳ್ಳಿಹಾಕುವಂಥದ್ದಲ್ಲ. ಜಾವೆಲಿನ್, ಡಿಸ್ಕಸ್, ಹ್ಯಾಮರ್ ಬೀಳುವುದು ಇದೇ ಹುಲ್ಲಿನ ಮೇಲೆ. ಒಂದು ಸಲ ಹ್ಯಾಮರ್ ಬಿದ್ದರೆ ಅಂಗಳದಲ್ಲಿ ಗುಂಡಿ. ಪಂದ್ಯಕ್ಕಾಗಿ ಹುಲ್ಲು ಉಳಿಸಬೇಕೆಂದರೆ ಎಸೆತದ ಹುಡುಗ ಹುಡುಗಿಯರನ್ನು ಹೊರಗಿಡಬೇಕು. ಅವರನ್ನು ಒಳಬಿಟ್ಟರೆ ಶನಿವಾರದ ಪಂದ್ಯಕ್ಕೆ ಅಂಗಳ ಗತಿಗೆಡುತ್ತದೆ. ಬೆಳಗ್ಗೆ ಓಡಲು ಬರುವ ಹುಡುಗಿಗೆ ಜಾಹೀರಾತು ಫಲಕಗಳು ಟ್ರ್ಯಾಕಿಗೆ ಅಡ್ಡ ನಿಂತದ್ದು ಕಂಡರೆ ಸಿಟ್ಟು ಬರುವುದು ಸಹಜ. ಇಬ್ಬರ ವಾದದಲ್ಲೂ ಹುರುಳಿದೆ. ತಪ್ಪು ಇರುವುದು ಇಡೀ ರಾಜಧಾನಿಗೆ ಇಂಥದ್ದು ಒಂದೇ ಜಾಗ ಎಂಬುದರಲ್ಲಿ.

ಹೊರಗಿನ ದೇಶದ ಅಭಿಮಾನಿಗಳೂ ಈ ಟ್ರ್ಯಾಕಿನ ಕಾಟ ಉಂಡವರೇ. ಇಟಲಿಯ ಯುವೆಂಟಸ್ ಕ್ಲಬ್ಬು 1990ರ ವಿಶ್ವಕಪ್‌ಗೆಂದು ಕಟ್ಟಿದ ಡೆಲ್ಲೆ ಆಲ್ಪಿಯಲ್ಲಿ ಆಡುತ್ತಿತ್ತು. ಸುಮಾರು 69 ಸಾವಿರ ಜನ ಹಿಡಿಯುವ ಮೈದಾನ, ನಡುವೆ ಟ್ರ್ಯಾಕು, ದೂರದ ಗ್ಯಾಲರಿ. ಜನ ಬರುವುದನ್ನೇ ಬಿಟ್ಟರು. ಕ್ಲಬ್ಬು ಟುರಿನ್ ನಗರಾಡಳಿತದಿಂದ ಆ ಜಾಗದ 99 ವರ್ಷದ ಹಕ್ಕು ಪಡೆದು ಅದನ್ನು ಕೆಡವಿತು, ಅದೇ ನೆಲದಲ್ಲಿ 41 ಸಾವಿರ ಆಸನದ ತನ್ನದೇ ಮೈದಾನವನ್ನು 2011ರಲ್ಲಿ ತೆರೆಯಿತು. ಮುಂದಿನ ಒಂಬತ್ತು ಸೀಸನ್ನೂ ಸತತವಾಗಿ ಇಟಲಿಯ ಚಾಂಪಿಯನ್. ಮೈದಾನ ಒಂದರಿಂದಲೇ ಗೆದ್ದರು ಎನ್ನುವುದು ಅತಿಯಾದೀತು. ಆದರೆ 28 ಸಾವಿರ ಕುರ್ಚಿ ಕಡಿಮೆ ಮಾಡಿಯೂ ಕ್ಲಬ್ಬೊಂದು ದೊಡ್ಡದಾಗಬಹುದು ಎಂಬುದು ಬೆಂಗಳೂರಿನ ವಾದಿಗಳು ಗಮನಿಸಬೇಕಾದ ಸಂಗತಿ. ಅತ್ತ ಲಂಡನ್ನಿನ ವೆಸ್ಟ್ ಹ್ಯಾಮ್ 2016ರಲ್ಲಿ ಒಲಿಂಪಿಕ್ಸ್ ಕ್ರೀಡಾಂಗಣಕ್ಕೆ ಬಾಡಿಗೆದಾರನಾಗಿ ಹೋಯಿತು. ದೂರದ ಕುರ್ಚಿಗಳ ಬಗ್ಗೆ ಅವರ ಅಭಿಮಾನಿಗಳ ಗೊಣಗಾಟ ಇಂದಿಗೂ ನಿಂತಿಲ್ಲ.

ಇಲ್ಲಿನ ಚರ್ಚೆಯಲ್ಲಿ ಮಾತ್ರ ಗಾತ್ರದ ಮೋಹ ಬಿಡದು. 2025ರ ಜೂನ್ 4ರಂದು ಆರ್‌ಸಿಬಿ ಸಂಭ್ರಮದ ವೇಳೆ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ಕಾಲ್ತುಳಿತದಲ್ಲಿ 11 ಜನ ಸತ್ತರು. ಕಂಠೀರವಕ್ಕೂ ಆ ಜಾಗಕ್ಕೂ ಹೆಚ್ಚು ದೂರವಿಲ್ಲ. ನಗರದ ನಡುವಿನ ಕ್ರೀಡಾಂಗಣಗಳ ಗೇಟು, ರಸ್ತೆ, ಜನದಟ್ಟಣೆ ಎಲ್ಲವೂ ಆಮೇಲೆ ಪ್ರಶ್ನೆಗೆ ಒಳಗಾದವು. ಸರ್ಕಾರದಿಂದ ಬಂದ ಉತ್ತರಗಳಲ್ಲಿ ಒಂದು, ಆನೇಕಲ್ ತಾಲ್ಲೂಕಿನ ಸೂರ್ಯನಗರದಲ್ಲಿ 1,650 ಕೋಟಿ ರೂಪಾಯಿಯ, 80 ಸಾವಿರ ಆಸನದ ಕ್ರೀಡಾಂಗಣ ಸಮುಚ್ಚಯದ ಪ್ರಸ್ತಾವ. ಕ್ರಿಕೆಟ್ಟಿಗೆ ಇನ್ನೊಂದು ಮನೆ ಸಿದ್ಧವಾಗುತ್ತಿದೆ, ನಮಗೆ ಒಂದಾದರೂ ಬೇಡವೇ ಎಂದು ಫುಟ್‌ಬಾಲಿನವರು ಕೇಳಿದರೆ ಅದು ಹೊಟ್ಟೆಕಿಚ್ಚಿನ ಮಾತಲ್ಲ.

ಬೇಕಾಗಿರುವುದು 80 ಸಾವಿರವೂ ಅಲ್ಲ. ಹದಿನೈದರಿಂದ ಇಪ್ಪತ್ತು ಸಾವಿರ ಜನ ಹಿಡಿಯುವ, ಟ್ರ್ಯಾಕಿಲ್ಲದ, ಗ್ಯಾಲರಿಗೆ ಸೂರಿರುವ, ಮೆಟ್ರೊಗೆ ಹತ್ತಿರದ ಒಂದು ಫುಟ್‌ಬಾಲ್ ಮೈದಾನ ಸಾಕು. ಬೆಂಗಳೂರು ಎಫ್‌ಸಿ ತನ್ನ ಏಕೈಕ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಕಿರೀಟವನ್ನು 2019ರ ಮಾರ್ಚ್ 17ರಂದು ಗೆದ್ದದ್ದು ಮುಂಬೈನ ಅಂಧೇರಿಯ ಪುಟ್ಟ ಮೈದಾನದಲ್ಲಿ. ಎಫ್‌ಸಿ ಗೋವಾ ವಿರುದ್ಧ 117ನೇ ನಿಮಿಷದಲ್ಲಿ ರಾಹುಲ್ ಭೆಕೆ ಕಾರ್ನರ್‌ನಿಂದ ಬಂದ ಚೆಂಡಿಗೆ ತಲೆ ಕೊಟ್ಟರು. ಅದಕ್ಕೆ ಸರಿಯಾಗಿ ಒಂದು ವರ್ಷ ಮೊದಲು ಅದೇ ತಾರೀಖು ಕಂಠೀರವದಲ್ಲಿ ಫೈನಲ್ ಇತ್ತು. ಲೀಗಿನ ಅಗ್ರ ತಂಡ, ತವರು ಮೈದಾನ, ಒಂಬತ್ತನೇ ನಿಮಿಷಕ್ಕೇ ಚೆಟ್ರಿ ಗೋಲು. ಆಮೇಲೆ ಚೆನ್ನೈಯಿನ್‌ನ ಮೈಲ್ಸನ್ ಆಲ್ವೆಸ್ ಎರಡು ಸಲ ಕಾರ್ನರ್‌ಗಳಿಗೆ ತಲೆ ಕೊಟ್ಟು ಪಂದ್ಯವನ್ನೇ ಕಿತ್ತುಕೊಂಡರು; 3-2. ಆ ಸೋಲಿನ ಹುಣ್ಣು ಕೆಲವರಲ್ಲಿ ಇನ್ನೂ ಮಾಗಿಲ್ಲ.

ದುಡ್ಡಿನ ಜಗಳಕ್ಕೆ ಬರೋಣ. ಒಂದು ಗುಂಪಿನ ವಾದ ಹೀಗೆ: ಕೋಲ್ಕತ್ತದ ಮೋಹನ್ ಬಾಗಾನ್ ಕೈಬಿಚ್ಚಿ ಖರ್ಚು ಮಾಡುತ್ತದೆ, ಅದಕ್ಕೇ ಗೆಲ್ಲುತ್ತದೆ, ನಮ್ಮವರೂ ಒಳ್ಳೆಯ ಫಾರಿನ್ ಸ್ಟ್ರೈಕರ್ ತರಲಿ. ಇನ್ನೊಂದು ಗುಂಪಿಗೆ ಇದು ಹುಚ್ಚುತನ. ಅಕಾಡೆಮಿಯ ಹುಡುಗರನ್ನು ಇಳಿಸಿ, ಎರಡು ವರ್ಷ ಸೋತರೂ ಸರಿ ಎನ್ನುತ್ತದೆ ಅದು. ಲೀಗಿನಲ್ಲಿ ಆಟಗಾರರ ಸಂಬಳಕ್ಕೆ ಮಿತಿ ಇದೆ, ಇತ್ತೀಚಿನ ಸೀಸನ್ನುಗಳಲ್ಲಿ ಅದು 16ರಿಂದ 18 ಕೋಟಿ ರೂಪಾಯಿಯ ಆಸುಪಾಸಿನಲ್ಲಿತ್ತು. ಹಾಗಾಗಿ ಖಜಾನೆ ತೆರೆದು ಸುರಿಯುತ್ತೇನೆಂದರೂ ಒಂದು ಗೆರೆ ದಾಟುವುದು ಸುಲಭವಲ್ಲ. ಯಾರಿಗೆ ಎಷ್ಟು ಕೊಡುತ್ತೀರಿ ಎಂಬುದರಲ್ಲೇ ಜಾಣತನ.

ಬೆಂಗಳೂರಿನ ದಾಖಲೆ ನೋಡಿದರೆ ಎರಡೂ ಗುಂಪಿಗೂ ಸಾಕ್ಷಿ ಸಿಗುತ್ತದೆ. 2022ರಲ್ಲಿ ರಾಯ್ ಕೃಷ್ಣ, ಹಾವಿ ಹೆರ್ನಾಂಡೆಸ್, ಸಂದೇಶ್ ಝಿಂಗನ್‌ರಂಥ ಹೆಸರುಗಳನ್ನು ತಂದರು. ಡ್ಯುರಾಂಡ್ ಕಪ್ ಬಂತು, ಐಎಸ್‌ಎಲ್ ಫೈನಲಿಗೂ ಹೋಗಿ ಪೆನಾಲ್ಟಿಯಲ್ಲಿ ಸೋತರು. ಮರುವರ್ಷ ಅದೇ ಕ್ಲಬ್ಬು ಹತ್ತನೇ ಸ್ಥಾನಕ್ಕೆ ಕುಸಿಯಿತು, ನಡುವೆ ಕೋಚ್ ಬದಲಾದರು. 2024ರಲ್ಲಿ ಮತ್ತೆ ಕೈಬಿಚ್ಚಿದರು. ಹೋರ್ಹೆ ಪೆರೇರಾ ದಿಯಾಸ್, ಆಲ್ಬರ್ಟೊ ನೊಗೇರಾ, ಎಡ್ಗರ್ ಮೆಂಡೆಸ್ ಬಂದರು, ಭೆಕೆ ಮರಳಿದರು. ಮೂರನೇ ಸ್ಥಾನ, ಪ್ಲೇಆಫ್‌ನಲ್ಲಿ ಮುಂಬೈ ಸಿಟಿ ಮೇಲೆ 5-0, ಸೆಮಿಫೈನಲಿನಲ್ಲಿ ಗೋವಾ ಮನೆಗೆ. 2025ರ ಏಪ್ರಿಲ್ 12ರಂದು ಕೋಲ್ಕತ್ತದ ಸಾಲ್ಟ್‌ಲೇಕ್‌ನಲ್ಲಿ ನಡೆದ ಫೈನಲಿನಲ್ಲಿ ಮುನ್ನಡೆ ಪಡೆದೂ ಹೆಚ್ಚುವರಿ ಸಮಯದಲ್ಲಿ ಬಾಗಾನ್‌ಗೆ 2-1ರಿಂದ ಶರಣಾದರು.

ಖರ್ಚಿನ ಪರ ಇರುವವರು ಈ ಸೀಸನ್ನನ್ನು ಎತ್ತಿ ತೋರಿಸುತ್ತಾರೆ. ಆದರೆ ಅದೇ ಸೀಸನ್ನಿನ ಲೆಕ್ಕ ಬಿಚ್ಚಿ ನೋಡಿ. ತಂಡಕ್ಕೆ ಅತಿ ಹೆಚ್ಚು ಗೋಲು ತಂದವರು ಹೊಸದಾಗಿ ಬಂದ ವಿದೇಶಿಗರಲ್ಲ, 40 ದಾಟಿದ್ದ ಸುನಿಲ್ ಚೆಟ್ರಿ, 14 ಗೋಲು. ಸೀಸನ್ನಿನ ಮೊದಲ ಗೆಲುವು ತಂದದ್ದು ಈಸ್ಟ್ ಬೆಂಗಾಲ್ ವಿರುದ್ಧ ಕಂಠೀರವದಲ್ಲಿ ವಿನಿತ್ ವೆಂಕಟೇಶ್ ಹೊಡೆದ ಏಕೈಕ ಗೋಲು. ಆತ ಬೆಂಗಳೂರಿನದೇ ಹುಡುಗ, ಕ್ಲಬ್ಬಿನ ಅಕಾಡೆಮಿಯಲ್ಲೇ ಬೆಳೆದವನು, ಆಗಿನ್ನೂ ಹದಿಹರೆಯ. ಆಸ್ಟ್ರೇಲಿಯಾದಿಂದ ಬಂದ ರಯಾನ್ ವಿಲಿಯಮ್ಸ್ 2025ರಲ್ಲಿ ಆ ದೇಶದ ಪೌರತ್ವ ಬಿಟ್ಟು ಭಾರತದ ಪಾಸ್‌ಪೋರ್ಟ್ ಪಡೆದರು. ದುಡ್ಡು ಕೊಟ್ಟು ತಂದವರಲ್ಲಿ ಯಾರು ಊರಿನವರಾಗುತ್ತಾರೆ, ಯಾರು ಬಂದಷ್ಟೇ ಬೇಗ ಹೋಗುತ್ತಾರೆ ಎಂಬುದು ಸಹಿ ಹಾಕುವ ದಿನ ಯಾರಿಗೂ ಗೊತ್ತಿರುವುದಿಲ್ಲ.

ಅಕಾಡೆಮಿ ಎಂದೆವಲ್ಲ, ಅದು ಬೆಂಗಳೂರಿನಲ್ಲಿಲ್ಲ. ಗೊಳಸಂಗಿಯಿಂದ 50ನೇ ರಾಷ್ಟ್ರೀಯ ಹೆದ್ದಾರಿ ಹಿಡಿದು ಹುನಗುಂದ, ಕುಷ್ಟಗಿ ದಾಟಿ ಹೊಸಪೇಟೆಗೆ ಬಂದು, ಅಲ್ಲಿಂದ ಬಳ್ಳಾರಿ ದಾರಿಗೆ ಹೊರಳಿದರೆ ತೋರಣಗಲ್ಲು ಸಿಗುತ್ತದೆ. ಉಕ್ಕಿನ ಕಾರ್ಖಾನೆಯ ಪಕ್ಕದಲ್ಲಿ ಜೆಎಸ್‌ಡಬ್ಲ್ಯು 2018ರಲ್ಲಿ ತೆರೆದ ಇನ್‌ಸ್ಪೈರ್ ಕ್ರೀಡಾ ಸಂಸ್ಥೆ ಇದೆ. ಕ್ಲಬ್ಬಿನ ವಸತಿ ಅಕಾಡೆಮಿ ನೆಲೆಗೊಂಡದ್ದು ಅಲ್ಲೇ. 2022ರಲ್ಲಿ ದೇಶದ ಮೊದಲ ಡೆವಲಪ್‌ಮೆಂಟ್ ಲೀಗ್ ಗೆದ್ದದ್ದು ಬೆಂಗಳೂರಿನ ಕಿರಿಯರ ತಂಡ. ಎಂದರೆ ಕ್ಲಬ್ಬಿನ ಬೆಲೆಬಾಳುವ ಆಸ್ತಿ ಇರುವುದು ವಿಜಯಪುರ ಜಿಲ್ಲೆಯವರಿಗೆ ಬೆಂಗಳೂರಿಗಿಂತ ಹತ್ತಿರದಲ್ಲಿ. ಆದರೂ ಈ ಭಾಗದ ಶಾಲೆಯ ಮಕ್ಕಳಿಗೆ ಆ ಗೇಟು ಪರಿಚಯವೇ ಇಲ್ಲವೆನ್ನುವಷ್ಟು ದೂರ.

ಇಲ್ಲಿಂದ ಪಂದ್ಯ ನೋಡಲು ಹೋಗುವುದಂತೂ ಸಾಹಸ. ಐಎಸ್‌ಎಲ್ ಪಂದ್ಯಗಳು ಸಾಮಾನ್ಯವಾಗಿ ರಾತ್ರಿ ಏಳೂವರೆಗೆ. ಆ ಹೊತ್ತಿಗೆ ಊರಿನತ್ತ ಬರುವ ಗೋಲಗುಂಬಜ್ ಎಕ್ಸ್‌ಪ್ರೆಸ್ ಬೆಂಗಳೂರು ಬಿಟ್ಟಿರುತ್ತದೆ. ಪಂದ್ಯ ಮುಗಿಸಿ ತಡರಾತ್ರಿಯ ಬಸ್ಸೇ ಗತಿ, ಇಲ್ಲವೇ ಲಾಡ್ಜು. ಟಿಕೆಟ್ಟಿನ ದರಕ್ಕಿಂತ ದಾರಿಯ ಖರ್ಚೇ ಹತ್ತು ಪಟ್ಟು. ಹಾಗಾಗಿ ಬಾಗೇವಾಡಿ, ಮುದ್ದೇಬಿಹಾಳದ ಕಡೆ ಫುಟ್‌ಬಾಲ್ ಅಭಿಮಾನಿ ಎಂದರೆ ಮೊಬೈಲಿನ ಅಭಿಮಾನಿ. ಅಂಥವರಿಗೆ ಬಾರ್ಸಿಲೋನಾ, ಮ್ಯಾಂಚೆಸ್ಟರ್ ಹತ್ತಿರ, ಬೆಂಗಳೂರೇ ದೂರ.

ಹಾಗೆಂದು ಮೈದಾನದ ಜಗಳ ವಿಜಯಪುರಕ್ಕೆ ಹೊಸದೇನೂ ಅಲ್ಲ. ಸೈಕ್ಲಿಂಗ್ ಪಟುಗಳ ತವರು ಎನಿಸಿದ ಈ ಜಿಲ್ಲೆಗೆ ಒಂದು ವೆಲೊಡ್ರೋಮ್ ಬೇಕೆಂದು ಕೇಳಿ, ಅದು ಮಂಜೂರಾಗಿ, ಕಾಮಗಾರಿ ವರ್ಷಗಟ್ಟಲೆ ಎಳೆದದ್ದನ್ನು ಇಲ್ಲಿಯ ಜನ ಕಂಡಿದ್ದಾರೆ. ಆ ಹೊತ್ತಿಗೆ ಒಂದು ತಲೆಮಾರಿನ ಸವಾರರು ಹೆದ್ದಾರಿಯಲ್ಲೇ ಲಾರಿಗಳ ನಡುವೆ ತಾಲೀಮು ಮಾಡಿ ಪದಕ ತಂದರು. ಕ್ರೀಡಾಂಗಣ ಯಾರದು, ಯಾರಿಗೆ ಎಷ್ಟು ಹೊತ್ತು ಎಂಬ ತಕರಾರು ಜಿಲ್ಲಾ ಕ್ರೀಡಾಂಗಣದಿಂದ ಹಿಡಿದು ಹಳ್ಳಿಯ ಶಾಲಾ ಮೈದಾನದವರೆಗೂ ಇದೆ. ಒಂದೇ ಅಂಗಳದಲ್ಲಿ ಕಬಡ್ಡಿ, ಕೊಕ್ಕೊ, ವಾಲಿಬಾಲ್, ಕ್ರಿಕೆಟ್. ನಡುವೆ ಯಾರದೋ ಮದುವೆ ಪೆಂಡಾಲು, ರಾಜಕೀಯ ಸಭೆ. ಕಂಠೀರವ ಅದರದೇ ದೊಡ್ಡ ರೂಪ.

ಇನ್ನು ಮೂರನೇ ಜಗಳ, ಈ ಸಲದ ಗತಿ. 2025ರಲ್ಲಿ ಈ ಪ್ರಶ್ನೆಯೇ ತಲೆಕೆಳಗಾಯಿತು. ತಂಡ ಗೆಲ್ಲುತ್ತದೋ ಎಂದು ಕೇಳುವ ಮೊದಲು ಲೀಗ್ ನಡೆಯುತ್ತದೋ ಎಂದು ಕೇಳಬೇಕಾಯಿತು. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಮತ್ತು ಲೀಗ್ ನಡೆಸುತ್ತಿದ್ದ ಎಫ್‌ಎಸ್‌ಡಿಎಲ್ ಕಂಪನಿ ನಡುವೆ 2010ರಲ್ಲಿ ಆದ 15 ವರ್ಷದ ಒಪ್ಪಂದ 2025ರ ಡಿಸೆಂಬರ್‌ಗೆ ಮುಗಿಯುವುದಿತ್ತು. ವರ್ಷಕ್ಕೆ 50 ಕೋಟಿ ರೂಪಾಯಿ ಫೆಡರೇಷನ್ನಿಗೆ ಸಲ್ಲುತ್ತಿದ್ದ ವ್ಯವಸ್ಥೆ ಅದು. ಮುಂದೇನೆಂಬುದು ತೀರ್ಮಾನವಾಗದೆ ಜುಲೈನಲ್ಲಿ ಐಎಸ್‌ಎಲ್ ಅನ್ನು ತಡೆಹಿಡಿದರು. ಆಗಸ್ಟ್ ಬರುತ್ತಲೇ ಬೆಂಗಳೂರು ಎಫ್‌ಸಿ ಮೊದಲ ತಂಡದ ಆಟಗಾರರ, ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟವಾಗಿ ನಿಲ್ಲಿಸಿರುವುದಾಗಿ ಪ್ರಕಟಿಸಿತು. ನಿನ್ನೆಯವರೆಗೆ ಹೊಸ ಸ್ಟ್ರೈಕರ್ ಯಾರು ಎಂದು ಕಚ್ಚಾಡುತ್ತಿದ್ದವರು ಇದ್ದವರ ಮನೆ ಬಾಡಿಗೆಯ ಬಗ್ಗೆ ಯೋಚಿಸುವಂತಾಯಿತು.

ವಾಣಿಜ್ಯ ಹಕ್ಕಿಗೆ ಕರೆದ ಟೆಂಡರಿನ ಗಡುವು ನವೆಂಬರ್‌ನಲ್ಲಿ ಮುಗಿದಾಗ ಒಬ್ಬನೇ ಒಬ್ಬ ಬಿಡ್‌ದಾರ ಬಂದಿರಲಿಲ್ಲ. ಡಿಸೆಂಬರ್‌ನಲ್ಲಿ ಮೆಸ್ಸಿ ಭಾರತಕ್ಕೆ ಬಂದಾಗ ಸಾವಿರಾರು ರೂಪಾಯಿ ಕೊಟ್ಟು ಟಿಕೆಟ್ ಕೊಂಡ ಜನ ಸಾಲ್ಟ್‌ಲೇಕ್‌ನಲ್ಲಿ ಆತನ ಮುಖ ಕಾಣದೆ ಕುರ್ಚಿ ಕಿತ್ತೆಸೆದರು. ನಮ್ಮ ಲೀಗಿಗೆ ದಿಕ್ಕಿಲ್ಲದ ಹೊತ್ತಿನಲ್ಲಿ ಹೊರಗಿನ ತಾರೆಯ ದರ್ಶನಕ್ಕೆ ದುಡ್ಡಿತ್ತು. ಕೊನೆಗೆ ಕೇಂದ್ರ ಕ್ರೀಡಾ ಸಚಿವರ ಮಧ್ಯಪ್ರವೇಶದಿಂದ 2026ರ ಫೆಬ್ರವರಿ 14ರಿಂದ ಲೀಗ್ ನಡೆಸುವುದಾಗಿ ಜನವರಿಯಲ್ಲಿ ಪ್ರಕಟವಾಯಿತು. 14 ತಂಡ, ಒಬ್ಬರಿಗೊಬ್ಬರು ಒಂದೇ ಪಂದ್ಯ, ಒಟ್ಟು 91 ಪಂದ್ಯ.

ಈ ಒಂದೇ ಸುತ್ತಿನ ಲೆಕ್ಕ ಸೀಸನ್ನಿನ ಭವಿಷ್ಯ ಹೇಳುವವರ ಕೈ ಕಟ್ಟಿಹಾಕಿತು. ತಂಡವೊಂದಕ್ಕೆ 13 ಪಂದ್ಯ. ತವರಿನಲ್ಲಿ ಸಿಗುವುದು ಆರೋ ಏಳೋ. ಬೆಂಗಳೂರಿನ ಸ್ವಭಾವವೋ, ನಿಧಾನವಾಗಿ ಬಿಸಿಯಾಗುವುದು. 2022-23ರಲ್ಲಿ ಸೋಲಿನ ಮೇಲೆ ಸೋಲು ಉಂಡು, ಕಡೆಯ ಎಂಟು ಲೀಗ್ ಪಂದ್ಯ ಸತತವಾಗಿ ಗೆದ್ದು ಪ್ಲೇಆಫ್‌ಗೆ ನುಗ್ಗಿದ ತಂಡ ಇದು. ಹದಿಮೂರೇ ಪಂದ್ಯದ ಲೀಗಿನಲ್ಲಿ ಹಾಗೆ ನಿಧಾನವಾಗಿ ಏಳಲು ವ್ಯವಧಾನವಿಲ್ಲ. ಇಂಥ ಹೊತ್ತಿನಲ್ಲಿ ತವರಿನ ಆರೇಳು ರಾತ್ರಿಗಳಿಗೆ ಬೆಲೆ ಇಮ್ಮಡಿ. ಗೋಲಿನಿಂದ 36 ಮೀಟರ್ ದೂರದ ಕೂಗಿಗೂ ಆರೇಳು ಮೀಟರ್ ದೂರದ ಕೂಗಿಗೂ ಇರುವ ವ್ಯತ್ಯಾಸ ಅಂಕಪಟ್ಟಿಯಲ್ಲಿ ಬರೆದು ತೋರಿಸಲಾಗದು, ಆದರೆ ಪೆನಾಲ್ಟಿ ಒದೆಯಲು ನಿಂತ ಎದುರಾಳಿಗೆ ಅದು ಗೊತ್ತು.

ಸ್ವಂತ ಮೈದಾನವಿದ್ದರೆ ದುಡ್ಡಿನ ಸಂಕಟವೂ ಇಷ್ಟಿರುತ್ತಿರಲಿಲ್ಲ. ಯುರೋಪಿನ ಕ್ಲಬ್ಬುಗಳು ಲೀಗ್ ನಡೆಯದ ದಿನಗಳಲ್ಲೂ ಮೈದಾನದಿಂದ ಗಳಿಸುತ್ತವೆ. ಹೋಟೆಲು, ಅಂಗಡಿ, ಸಭಾಂಗಣ, ಸಂಗೀತ ಕಾರ್ಯಕ್ರಮ, ಮೈದಾನ ಸುತ್ತಿಸಿ ತೋರಿಸುವ ಟಿಕೆಟ್ಟು. ಪಂದ್ಯದ ದಿನಕ್ಕಷ್ಟೇ ಬಾಡಿಗೆ ಹಿಡಿಯುವ ಕ್ಲಬ್ಬಿಗೆ ಇವುಗಳಲ್ಲಿ ಹೆಚ್ಚಿನದು ದಕ್ಕುವುದಿಲ್ಲ. ಮಾಲೀಕರ ಉದಾರತೆ, ಪ್ರಾಯೋಜಕರು, ಪ್ರಸಾರದ ಪಾಲು ಇವಿಷ್ಟೇ ಆಸರೆ. ಲೀಗ್ ನಿಂತರೆ ಅವೂ ಹೋದಂತೆ. ಹತ್ತು ಸೀಸನ್ನು ವಿದೇಶಿ ಆಟಗಾರರಿಗೆ ಕೊಟ್ಟ ದುಡ್ಡು ಹೊರಟುಹೋಗಿದೆ. ಅದರಲ್ಲಿ ಒಂದು ಭಾಗ ನೆಲ, ಕಾಂಕ್ರೀಟಿನ ಮೇಲೆ ಬಿದ್ದಿದ್ದರೆ ಇಂದು ಕಣ್ಣಿಗೆ ಕಾಣುತ್ತಿತ್ತು. ಹಾಗೆ ಹೂಡಲು ಕ್ಲಬ್ಬೊಂದಕ್ಕೆ ನೆಲದ ಮೇಲೆ ದೀರ್ಘಾವಧಿಯ ಹಕ್ಕು ಬೇಕು. ಅದನ್ನು ಕೊಡಬೇಕಾದುದು ಸರ್ಕಾರ.

ಫುಟ್‌ಬಾಲ್‌ಗೆ ಇಷ್ಟೆಲ್ಲ ಯಾಕೆ, ಇದು ನಮ್ಮ ಆಟವೇ ಎಂದು ಮೂಗು ಮುರಿಯುವವರಿದ್ದಾರೆ. ಬೆಂಗಳೂರು ಮುಸ್ಲಿಮ್ಸ್ ತಂಡ 1937 ಮತ್ತು 1938ರಲ್ಲಿ ಬೊಂಬಾಯಿಯ ರೋವರ್ಸ್ ಕಪ್ ಗೆದ್ದಿತ್ತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ಸ್ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ಸಂತೋಷ್ ಟ್ರೋಫಿಯನ್ನು ಮೈಸೂರು ತಂಡ ನಾಲ್ಕು ಸಲ ಗೆದ್ದಿತ್ತು, ಕಡೆಯದು 1968-69ರಲ್ಲಿ. ಆಮೇಲೆ ಐಟಿಐ, ಎಚ್‌ಎಎಲ್‌ನಂಥ ಕಾರ್ಖಾನೆ ತಂಡಗಳು ನೌಕರಿ ಕೊಟ್ಟು ಆಟಗಾರರನ್ನು ಸಾಕಿದವು. ಕಾರ್ಖಾನೆಗಳ ದೆಸೆ ಇಳಿದಂತೆ ಅವೂ ಸೊರಗಿದವು. ಬೆಳಗಾವಿಯ ಲೇಲೆ ಮೈದಾನ, ಮಂಗಳೂರಿನ ನೆಹರು ಮೈದಾನದಲ್ಲಿ ಇಂದಿಗೂ ಚೆಂಡಿನ ಸದ್ದು ನಿಂತಿಲ್ಲ.

2023ರ ಮಾರ್ಚ್ ಮೊದಲ ವಾರ ನಡೆದದ್ದು ನೆನಪಿಡಬೇಕಾದ್ದು. 3ನೇ ತಾರೀಖು ಕಂಠೀರವದಲ್ಲಿ ಚೆಟ್ರಿ ಎದುರಾಳಿಗಳು ಗೋಡೆ ಕಟ್ಟುವ ಮೊದಲೇ ಫ್ರೀಕಿಕ್ ಒದ್ದು ಗೋಲು ಮಾಡಿದರು; ಕೇರಳ ಬ್ಲಾಸ್ಟರ್ಸ್ ಮೈದಾನ ಬಿಟ್ಟು ನಡೆಯಿತು, ಆಮೇಲೆ ನಾಲ್ಕು ಕೋಟಿ ರೂಪಾಯಿ ದಂಡ ತೆತ್ತಿತು. ವಾರಗಟ್ಟಲೆ ಎಲ್ಲೆಲ್ಲೂ ಅದೇ ಮಾತು. ಮರುದಿನ, 4ನೇ ತಾರೀಖು, ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿ 54 ವರ್ಷಗಳ ನಂತರ ಸಂತೋಷ್ ಟ್ರೋಫಿ ತಂದಿತು. ಆ ಗೆಲುವು ಫ್ರೀಕಿಕ್ಕಿನ ಗದ್ದಲದಲ್ಲಿ ಅರ್ಧ ಮುಚ್ಚಿಹೋಯಿತು. ಅಭಿಮಾನಿಗಳ ಗಮನ ಎತ್ತ ಇರುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಮುಂದಿನ ಸೀಸನ್ನಿನ ಆಟಗಾರರ ಪಟ್ಟಿ ಬಂದಾಗ ಮತ್ತೆ ಜಗಳ ಏಳುತ್ತದೆ, ಏಳಲಿ. ಅದರ ಜತೆಗೆ ಎರಡು ಕೇಳಿಕೆಗಳನ್ನು ಅಭಿಮಾನಿ ಬಳಗಗಳು ಬರೆದು ಕೊಡುವುದು ಒಳಿತು. ಒಂದು ಕ್ರೀಡಾ ಇಲಾಖೆಗೆ: ಕಂಠೀರವದಲ್ಲಿ ಅಥ್ಲೀಟ್‌ಗಳಿಗೆ ಯಾವ ದಿನ, ಫುಟ್‌ಬಾಲಿಗೆ ಯಾವ ದಿನ, ಬಾಡಿಗೆ ಎಷ್ಟು ಎಂಬ ಇಡೀ ವರ್ಷದ ಪಟ್ಟಿಯನ್ನು ಲೀಗ್ ಶುರುವಾಗುವ ಮೊದಲೇ ಪ್ರಕಟಿಸಿ, ಫುಟ್‌ಬಾಲಿಗೆಂದೇ ಮಧ್ಯಮ ಗಾತ್ರದ ಒಂದು ಮೈದಾನಕ್ಕೆ ಜಾಗ ಗುರುತಿಸಿ. ಇನ್ನೊಂದು ಕ್ಲಬ್ಬಿಗೆ: ಸೀಸನ್ನಿಗೆ ಮುನ್ನ ಆಡುವ ಅಭ್ಯಾಸ ಪಂದ್ಯಗಳಲ್ಲಿ ಒಂದನ್ನಾದರೂ ಬೆಳಗಾವಿಯಲ್ಲೋ ಹುಬ್ಬಳ್ಳಿಯಲ್ಲೋ ವಿಜಯಪುರದಲ್ಲೋ ಆಡಿ, ತೋರಣಗಲ್ಲಿನ ಅಕಾಡೆಮಿಯ ಆಯ್ಕೆ ಶಿಬಿರವನ್ನು ಈ ಜಿಲ್ಲೆಗಳ ಶಾಲೆಗಳಿಗೂ ತನ್ನಿ. ಇದಕ್ಕೆ ಸಾವಿರಾರು ಕೋಟಿ ಬೇಕಿಲ್ಲ, ಒಂದು ಬಸ್ಸು ಮತ್ತು ಹತ್ತು ಚೆಂಡು ಸಾಕು.